ಕರ್ಪೂರ ಆರಿಸಿದವನನ್ನು ಕೆಂಚಮ್ಮ ಊರಿಗೆ ಕರೆಸಿದ್ದು

ಕೆಂಚಮ್ಮನ ತಂಟೆಗೆ ಹೋದವರು ಯಾರೂ ಉದ್ಧಾರವಾಗಿಲ್ಲ. ಇದನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಅವಳು ನನ್ನ ಗೆಳೆಯ ಸ್ವಾಮಿಯ ಹೆಂಡತಿ, ಮಾಗಡಿ ಕಡೆಯ ಹೆಣ್ಣು. ಮದುವೆಯಾಗಿ ಕೋಡಿಹಳ್ಳಿ ಹತ್ತಿರದ ನಮ್ಮೂರಿಗೆ ಬಂದ ಹೊಸತರಲ್ಲಿ, ಅವಳನ್ನು ನೋಡಲು ಬರುತ್ತಿದ್ದ ತಾಯಿಯನ್ನು ಒಬ್ಬ ಕಂಡಕ್ಟರು ಊರು ಬರುವ ಮೊದಲೇ ನಡುದಾರಿಯಲ್ಲಿ ಇಳಿಸಿ ಹೋಗಿಬಿಟ್ಟ. ಮುದುಕಿ ಬಿಸಿಲಲ್ಲಿ ಗಂಟು ಹೊತ್ತು ನಡೆದು ಬಂದಳು. ಕೆಂಚಮ್ಮ ಅವತ್ತು ತುಟಿ ಬಿಚ್ಚಲಿಲ್ಲ. ಮಾರನೆಯ ದಿನದಿಂದ ಅದೇ ಬಸ್ಸು ಹತ್ತಿ, ಕನಕಪುರದವರೆಗೂ ಪ್ರತಿ ಸ್ಟಾಪಿನಲ್ಲಿ ಎದ್ದು ನಿಂತು, "ಕಂಡಕ್ಟ್ರೇ, ಇದ್ಯಾವೂರು? ನಮ್ಮವ್ವನ್ನ ಇಳ್ಸಿದ್ರಲ್ಲ, ಅದೇ ಊರಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗತೊಡಗಿದಳು. ಟಿಕೆಟ್ಟು ತಪ್ಪದೆ ತೆಗೆದುಕೊಳ್ಳುತ್ತಿದ್ದಳು, ಹಾಗಾಗಿ ಇಳಿಸುವಂತೆಯೂ ಇರಲಿಲ್ಲ. ಕೊನೆಗೆ ಆ ಪುಣ್ಯಾತ್ಮ ಕೈಮುಗಿದು ಬೇರೆ ರೂಟು ಹಾಕಿಸಿಕೊಂಡು ಹೋದ.

ಇಂಥವಳ ಗಂಡನನ್ನು ಕಳ್ಳ ಅಂದನಲ್ಲ ಆ ಜಯಕುಮಾರ, ಅವನಿಗೆ ತಲೆಯಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಸಿದ್ದಯ್ಯ, ಲಾರಿ ಓಡಿಸುವವನು. ಬಿಡದಿಯಲ್ಲಿ ಕಾರು ಫ್ಯಾಕ್ಟರಿಯ ಬೆನ್ನಿಗೇ ಒಂದೊಂದಾಗಿ ಶೆಡ್ಡುಗಳು ಎದ್ದವು, ರಾಗಿ ಬೆಳೆಯುತ್ತಿದ್ದ ಹೊಲಕ್ಕೆಲ್ಲ ಕಾಂಪೌಂಡು ಬಿತ್ತು. ಅದರಲ್ಲೊಂದು ಕಂಪ್ಯೂಟರ್ ಕಂಪನಿ. ಎರಡು ಸಾವಿರದ ಐದು, ಆರರ ಮಾತು. ಮನೆಯಲ್ಲಿಡುವ ಕಂಪ್ಯೂಟರಲ್ಲ, ಸರ್ವರ್ ಅಂತ. ಅದಕ್ಕೆ ಟಿವಿಯಂಥ ಮುಖವೂ ಇಲ್ಲ, ಒತ್ತುವ ಗುಂಡಿಗಳೂ ಇಲ್ಲ. ಬರೀ ಚಪ್ಪಟೆ ಕಬ್ಬಿಣದ ಪೆಟ್ಟಿಗೆ, ಒಳಗೆ ಸಾಲಾಗಿ ಫ್ಯಾನುಗಳು. ಬ್ಯಾಂಕಿನದೋ ಫೋನಿನದೋ ಎಲ್ಲ ವ್ಯವಹಾರ ಅದರೊಳಗೇ ನಡೆಯುತ್ತದಂತೆ. ಬೆಂಗಳೂರಿನಲ್ಲಿ ವೈಟ್‌ಫೀಲ್ಡ್ ಕಡೆ ಒಂದು ಡೇಟಾ ಸೆಂಟರ್ ಕಟ್ಟಿದ್ದರು. ಬಿಡದಿಯಿಂದ ಅಲ್ಲಿಗೆ ಆ ಪೆಟ್ಟಿಗೆಗಳನ್ನು ಒಂಚೂರೂ ಅಲುಗದ ಹಾಗೆ ತಲುಪಿಸುವುದು ನನ್ನ ಗಾಡಿಯ ಕೆಲಸ. ಅದಕ್ಕೆ ಮುಂಚೆ ಅಲುಗದ ಹಾಗೆ ಪ್ಯಾಕು ಮಾಡುವುದು ಜಯಕುಮಾರನ ಕಂಟ್ರಾಕ್ಟು. ಅವನ ಶೆಡ್ಡಿನಲ್ಲಿ ಸ್ವಾಮಿ ಮೇಸ್ತ್ರಿಯಾಗಿದ್ದ.

ಆ ಕೆಲಸ ನೋಡಲು ಚೆಂದ. ಮೊದಲು ಸರ್ವರಿಗೆ ಗುಲಾಬಿ ಬಣ್ಣದ ಕವರು ತೊಡಿಸುತ್ತಾರೆ, ಕರೆಂಟಿನ ಕಿಡಿ ತಾಗದಿರಲಿ ಅಂತ. ಮೂಲೆಗಳಿಗೆ ಫೋಮ್ ಕೊಟ್ಟು ರಟ್ಟಿನ ಪೆಟ್ಟಿಗೆಗೆ ಇಳಿಸುತ್ತಾರೆ. ಅಂಥ ಪೆಟ್ಟಿಗೆಗಳನ್ನು ಪ್ಲೈವುಡ್ಡಿನ ದೊಡ್ಡ ಕ್ರೇಟಿನಲ್ಲಿ ಜೋಡಿಸಿ, ಸುತ್ತ ಮತ್ತೆ ದಪ್ಪ ಫೋಮ್ ತುಂಬಿ, ಸ್ಕ್ರೂ ಬಿಗಿಯುತ್ತಾರೆ. ಮೊಳೆ ಹೊಡೆಯುವಂತಿಲ್ಲ, ಏಟಿನ ಅದುರು ಒಳಗೆ ಹೋಗುತ್ತದೆ. ಕೊನೆಗೆ ಕ್ರೇಟಿನ ಮೈಮೇಲೆ ಒಂದು ಬಿಳಿ ಚೀಟಿ ಅಂಟಿಸುತ್ತಾರೆ. ದಾರಿಯಲ್ಲಿ ಎಲ್ಲಾದರೂ ಕ್ರೇಟಿಗೆ ಜೋರಾಗಿ ಏಟು ಬಿದ್ದರೆ ಅದರ ನಡುವಿನ ಗಾಜಿನ ಕೊಳವೆ ಕೆಂಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಚೀಟಿ ಬಿಳಿ ಇದ್ದರೆ ನಮ್ಮ ಪ್ಯಾಕಿಂಗಿನವರೇ ಡೇಟಾ ಸೆಂಟರಿನ ಹೊರಗೆ ಕ್ರೇಟು ಬಿಚ್ಚಿ, ರಟ್ಟಿನ ಪೆಟ್ಟಿಗೆ ಮಾತ್ರ ಒಳಗೆ ಕೊಟ್ಟು, ಹಲಗೆ ಗಿಲಗೆ ವಾಪಸು ತರಬಹುದು. ಕೆಂಪಾಗಿತ್ತೋ, ಯಾರೂ ಮುಟ್ಟುವ ಹಾಗಿಲ್ಲ. ಎರಡೂ ಕಡೆಯ ಆಫೀಸರುಗಳು ಬಂದು, ಫೋಟೋ ತೆಗೆದು, ಅವರೇ ನಿಂತು ಬಿಚ್ಚಿಸಬೇಕು. ನನ್ನ ಗಾಡಿಯಲ್ಲಿ ಒಂದು ಚೀಟಿಯೂ ಕೆಂಪಾಗಿರಲಿಲ್ಲ. ಮೈಸೂರು ರಸ್ತೆಯ ಪ್ರತಿ ರೋಡ್ ಹಂಪಿಗೂ ನಾನು ಮರ್ಯಾದೆ ಕೊಟ್ಟು ಇಳಿಸುತ್ತಿದ್ದೆ.

ಜಯಕುಮಾರ ಚನ್ನಪಟ್ಟಣದವನು. ಅವನಪ್ಪ ಬೊಂಬೆ ಪ್ಯಾಕು ಮಾಡಿಸಿ ಊರೂರಿಗೆ ಕಳಿಸುತ್ತಿದ್ದ. ಬೊಂಬೆ ಕಡೆಯುವಾಗ ಚಕ್ರದ ಬುಡದಲ್ಲಿ ಸುರುಳಿ ಸುರುಳಿಯಾಗಿ ಮರದ ಹೊಟ್ಟು ಬೀಳುತ್ತದಲ್ಲ, ಅದನ್ನೇ ತುಂಬಿ ಕಳಿಸುವುದು ಅಲ್ಲಿಯ ಪದ್ಧತಿ. ಬಣ್ಣ ಕೀಳುವುದಿಲ್ಲ, ಬೊಂಬೆಯ ಮೂಗು ಮುರಿಯುವುದಿಲ್ಲ. ಫೋಮ್ ಬೆಲೆ ಏರಿದಾಗ ಇವನಿಗೆ ಅಪ್ಪನ ಹೊಟ್ಟು ನೆನಪಾಯಿತು.

"ಲೇ ಸ್ವಾಮಿ, ನಮ್ಮಪ್ಪನ ಕಾಲದಿಂದ್ಲೂ ಬೊಂಬೆ ಹೊಟ್ಟಲ್ಲೇ ಡೆಲ್ಲಿಗೆ ಹೋಗೈತೆ. ಒಂದ್ ಕಿವಿ ಮುರ್ದಿಲ್ಲ. ಇದೇನ್ ಮಹಾ, ಕಬ್ಬಿಣದ ಡಬ್ಬ. ತುಂಬು," ಅಂದ.

ಸ್ವಾಮಿ ಹಿಂದೆಮುಂದೆ ನೋಡಿದ. ಆದರೆ ಯಜಮಾನ ಹೇಳಿದ ಮೇಲೆ ಇವನೇನು ಮಾಡಿಯಾನು? ಚನ್ನಪಟ್ಟಣದ ಇಮಾಮ್ ಸಾಬ್ ಅವರ ಬೊಂಬೆ ಕಾರ್ಖಾನೆಗೆ ಇವನೇ ಹೋಗಿ ಹೊಟ್ಟಿನ ಮೂಟೆಗಳನ್ನು ಹೊತ್ತು ತಂದ, ತುಂಬಿದ. ಡೇಟಾ ಸೆಂಟರಿನಲ್ಲಿ ಪೆಟ್ಟಿಗೆ ತೆಗೆದರೆ ಗುಲಾಬಿ ಕವರಿನ ಸಂದಿಯಲ್ಲೆಲ್ಲ ನುಣ್ಣನೆ ಹೊಟ್ಟು. ಫ್ಯಾನು ತಿರುಗಿಸಿದ್ದೇ ತಡ, ಒಳಗೆಲ್ಲ ಎಳೆದುಕೊಂಡು ಕುಳಿತವು. ಇಡೀ ಲೋಡು ವಾಪಸು ಬಂತು.

ಕಂಪನಿಯ ಡಿಸ್ಪ್ಯಾಚ್ ಆಫೀಸರು ನರೇಂದ್ರ ಅನ್ನುವವರು ಜಯಕುಮಾರನನ್ನು ಕರೆಸಿ ನಿಲ್ಲಿಸಿಕೊಂಡು ಕೇಳಿದರು. ಆ ಬಡ್ಡಿಮಗ ಒಂದು ಕ್ಷಣವೂ ತಡೆಯಲಿಲ್ಲ. "ಮೇಸ್ತ್ರಿ ಕೆಲ್ಸ ಸಾರ್. ನಾನು ಕೊಟ್ಟ ಫೋಮ್ ಕದ್ದು ಮಾರ್ಕೊಂಡು ಹೊಟ್ಟು ತುಂಬವ್ನೆ. ಬೇಕಾರೆ ಬೊಂಬೆಯೋರ್ನ ಕೇಳಿ, ಹೊಟ್ಟು ಹೊತ್ಕೊಂಡ್ ಬಂದೋನು ಯಾರು ಅಂತ," ಅಂದ. ಕೇಳಿದರು. ಇಮಾಮ್ ಸಾಬ್ ಪಾಪ ಕಂಡದ್ದನ್ನೇ ಹೇಳಿದರು, ಸ್ವಾಮಿ ಬಂದಿದ್ದ ಅಂತ. ಅಲ್ಲಿಗೆ ಮುಗಿಯಿತು, ಯಜಮಾನನೇ ತರಿಸಿದ್ದು ಅಂದ ಸ್ವಾಮಿಯ ಮಾತನ್ನು ಯಾರೂ ನಂಬಲಿಲ್ಲ. ಶಿಫ್ಟು ಬಿಡುವ ಹೊತ್ತಿಗೆ ಸ್ವಾಮಿಯನ್ನು ಗೇಟಿನಲ್ಲಿ ಹೊಟ್ಟಿನ ಮೂಟೆಯ ಪಕ್ಕ ನಿಲ್ಲಿಸಿದರು. ಹೋಗುವವರು ಬರುವವರೆಲ್ಲ ನೋಡಿದರು. ನಾನು ಲಾರಿಯಲ್ಲಿ ಕುಳಿತು ನೋಡಿದೆ.

ಊರಲ್ಲಿ ನಮ್ಮವರು ಬಿಡಲಿಲ್ಲ. ನಮ್ಮ ಹುಡುಗನ ಮೇಲೆ ಸುಳ್ಳು ಹೊರಿಸಿದ್ದಾನೆ, ಬಂದು ಮಾರಮ್ಮನ ಮುಂದೆ ಆಣೆ ಮಾಡಲಿ ಎಂದು ಹೇಳಿ ಕಳಿಸಿದರು. ನಮ್ಮ ಕಡೆ ಪದ್ಧತಿ ಹೀಗೆ: ತಟ್ಟೆಯಲ್ಲಿ ಕರ್ಪೂರ ಹಚ್ಚಿಟ್ಟು, ಹೇಳುವ ಮಾತು ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಒತ್ತಿ ಆರಿಸಬೇಕು. ಸುಳ್ಳು ಹೇಳಿ ಆರಿಸಿದವನ ಮನೆ ಉಳಿಯುವುದಿಲ್ಲ ಅಂತ ನಂಬಿಕೆ. ಜಯಕುಮಾರ ಬರುವುದಿಲ್ಲ ಅಂದುಕೊಂಡಿದ್ದೆವು. ಬಿಳಿ ಅಂಗಿ ಹಾಕಿಕೊಂಡು, ಹೂವು ಹಣ್ಣು ತೆಗೆದುಕೊಂಡು, ಮಾವನ ಮನೆಗೆ ಬಂದ ಹಾಗೆ ಬಂದ. ಗುಡಿಯ ಮುಂದೆ ಇಡೀ ಊರು ನೆರೆದಿತ್ತು. "ಸ್ವಾಮಿ ನನ್ ಫೋಮ್ ಕದ್ದವ್ನೆ. ಸುಳ್ಳಾದ್ರೆ ಈ ತಾಯಿ ನನ್ನ ನೋಡ್ಕಳ್ಲಿ," ಅಂದ, ಪಟ್ಟನೆ ಅಂಗೈ ಇಟ್ಟು ಆರಿಸಿದ. ಒಂದಿಷ್ಟೂ ಅಳುಕಲಿಲ್ಲ.

ಈಗ ಸ್ವಾಮಿಯ ಸರದಿ. ಊರ ಯಜಮಾನರು ಹೊಸ ಕರ್ಪೂರ ಹಚ್ಚಿ, "ಒಂದ್ ತುಂಡು ಫೋಮೂ ಮುಟ್ಟಿಲ್ಲ ಅಂತ ಹೇಳಿ ಆರ್ಸಪ್ಪ," ಅಂದರು. ಸ್ವಾಮಿ ಕೈ ಮುಂದೆ ಮಾಡಿದ. ಮಾಡಿದ ಕೈ ಅಲ್ಲೇ ನಿಂತಿತು.

ಯಾಕೆ ನಿಂತಿತು ಅಂದರೆ, ಶೆಡ್ಡಿನ ಕಸದ ಬುಟ್ಟಿಗೆ ಎಸೆದಿದ್ದ ಒಂದು ಹರಕು ಫೋಮನ್ನು ಅವನು ಮನೆಗೆ ತಂದಿದ್ದ. ಅವನ ತಾಯಿ ದೊಡ್ಡಲಕ್ಷ್ಮಮ್ಮನಿಗೆ ಮಂಡಿನೋವು. ನೆಲದ ತಂಡಿ ತಾಗದಿರಲಿ ಅಂತ ಅವಳ ಚಾಪೆಯ ಕೆಳಗೆ ಹಾಸಿದ್ದ. ಬೇರೆ ಯಾರಾದರೂ ಆಗಿದ್ದರೆ ಅದೂ ಒಂದು ಫೋಮಾ ಅಂತ ಕರ್ಪೂರ ಆರಿಸಿ ಮನೆಗೆ ಹೋಗುತ್ತಿದ್ದ. ಈ ನನ್ನ ದಡ್ಡ ಗೆಳೆಯನಿಗೆ "ಒಂದು ತುಂಡೂ" ಅನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ದೇವರ ಮುಂದೆ ಹೇಗೆ ಹೇಳುವುದು? "ಅವ್ವುಂಗೆ ಅಂತ ಒಂದೇ ಒಂದ್ ತುಂಡು..." ಎಂದು ಶುರುಮಾಡಿದ. ಮುಂದಿನದು ಯಾರ ಕಿವಿಗೂ ಬೀಳಲಿಲ್ಲ. ಜನ ಹೋ ಎಂದರು. ಕರ್ಪೂರ ತಾನಾಗಿಯೇ ಉರಿದು ಆರಿತು.

ಆಗ ದೊಡ್ಡಲಕ್ಷ್ಮಮ್ಮ ಎದ್ದು ನಿಂತಳು. ಹೆತ್ತ ತಾಯಿ! ಮಗನ ಪರವಾಗಿ ಒಂದು ಮಾತಾಡುತ್ತಾಳೆ ಅಂತ ನಾನು ಕಾದೆ. "ಕದ್ದಿದ್ದೂ ಅಲ್ದೆ ನನ್ ಹೆಸ್ರು ಬೇರೆ ತಂದ್ಯಾ, ಕಳ್ಳ ನನ್ಮಗನೆ," ಅಂದಳು, ಊರ ಮುಂದೆ. ಅವತ್ತಿನಿಂದ ಸ್ವಾಮಿಗೆ ಮನೆಯೊಳಗೆ ಜಾಗವಿಲ್ಲ. ಕೊಟ್ಟಿಗೆಯಲ್ಲಿ ದನಗಳ ಪಕ್ಕ ಮಲಗುತ್ತಿದ್ದ. ಮಕ್ಕಳು "ಫೋಮ್ ಸ್ವಾಮಿ" ಅಂತ ಕೂಗಿ ಓಡುತ್ತಿದ್ದವು. ಅವನ ಮಾತು ಕಡಿಮೆಯಾಗುತ್ತ ಆಗುತ್ತ ಪೂರ್ತಿ ನಿಂತೇಹೋಯಿತು.

ಕೆಂಚಮ್ಮ ಆ ದಿನ ಗುಡಿಯ ಮುಂದೆ ಒಂದೂ ಮಾತಾಡಲಿಲ್ಲ. ಬಸ್ ಕಂಡಕ್ಟರಿನ ಕತೆ ಗೊತ್ತಿದ್ದ ನನಗೆ ಇದು ಇಲ್ಲಿಗೆ ಮುಗಿಯುವುದಿಲ್ಲ ಅನ್ನಿಸಿತು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಸಿದ್ದಣ್ಣ, ಮಾರಮ್ಮಂಗೆ ಬೇರೆ ಕೆಲ್ಸ ಐತೇನೋ. ಇವ್ನನ್ನ ನಾನೇ ನೋಡ್ಕತೀನಿ. ಯಾವ್ ಬಾಯಲ್ಲಿ ಕಳ್ಳ ಅಂದ್ನೋ ಅದೇ ಬಾಯಲ್ಲಿ, ಇದೇ ಜಾಗದಲ್ಲಿ ನಿಂತು, ಸುಳ್ಳು ಅನ್ನಬೇಕು. ಅಲ್ಲೀಗಂಟ ನಂಗೆ ನಿದ್ದೆ ಇಲ್ಲ ಕಣಣ್ಣ."

ಆಮೇಲೆ ಅವಳು ಮಾಡಿದ್ದನ್ನು ಕೇಳಿ ಊರು ಥೂ ಎಂದು ಉಗಿಯಿತು. ನೆಟ್ಟಗೆ ಬಿಡದಿಗೆ ಹೋಗಿ, ಜಯಕುಮಾರನ ಶೆಡ್ಡಿನ ಮುಂದೆ ಸೆರಗೊಡ್ಡಿ ನಿಂತಳು. "ನನ್ ಗಂಡ ತಪ್ ಮಾಡವ್ನೆ ಯಜಮಾನ್ರೆ. ನಾನೇನ್ ಮಾಡಿವ್ನಿ? ನಿಮ್ ಶೆಡ್ಡಲ್ಲೇ ಒಂದ್ ಕೆಲ್ಸ ಕೊಡಿ, ನಿಮ್ ಹೆಸ್ರು ಹೇಳ್ಕೊಂಡ್ ಗಂಜಿ ಕುಡೀತೀನಿ," ಅಂದಳು. ಎಲ್ಲರ ಮುಂದೆ ಅಂದಳು. ಜಯಕುಮಾರನಿಗೆ ಕೋಡು ಮೂಡಿತು. ಕದ್ದವನ ಹೆಂಡತಿಯೇ ಬಂದು ಕಾಲಿಗೆ ಬಿದ್ದ ಮೇಲೆ ಇನ್ನು ಯಾರಿಗೆ ಅನುಮಾನ? ಆ ದಿನವೇ ಕೆಲಸ ಕೊಟ್ಟ. ಅಷ್ಟಕ್ಕೇ ಸುಮ್ಮನಿದ್ದನೇ? ಶೆಡ್ಡಿಗೆ ಯಾರು ಬಂದರೂ ಅವಳನ್ನು ಕರೆದು ತೋರಿಸುತ್ತಿದ್ದ. "ನೋಡಿ, ನಂಗೆ ಕನ್ನ ಹಾಕ್ದೋನ್ ಹೆಂಡ್ತಿ. ಅವ್ಳಿಗೂ ಅನ್ನ ಹಾಕ್ತಿದೀನಿ." ಕೆಂಚಮ್ಮ ತಲೆ ಬಗ್ಗಿಸಿ ನಗುತ್ತಿದ್ದಳು. ಆ ನಗು ಕಂಡರೆ ನನಗೆ ಜಯಕುಮಾರನ ಬಗ್ಗೆ ಅಯ್ಯೋ ಅನ್ನಿಸುತ್ತಿತ್ತು, ಆಮೇಲೆ ಅಯ್ಯೋ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಅವಳು ಬಿಡದಿಯಲ್ಲೇ ಬಾಡಿಗೆ ರೂಮು ಹಿಡಿದು ಕೆಲಸ ಕಲಿತಳು. ರಟ್ಟಿನ ಪೆಟ್ಟಿಗೆ ಎತ್ತಿ ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಕಿವಿಯ ಹತ್ತಿರ ಒಂಚೂರು ಅಲ್ಲಾಡಿಸಿ, ಒಳಗೆ ಸಡಿಲವಿದ್ದರೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದಳು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಬಾಣದ ಗುರುತು ಆಕಾಶಕ್ಕೆ. ಬಿಡುವಿನಲ್ಲಿ ನನ್ನ ಹತ್ತಿರ ಕುಳಿತು ತಟ್ಟೆ ಇಡ್ಲಿ ತಿನ್ನುತ್ತ ಏನೇನೋ ಕೇಳುತ್ತಿದ್ದಳು. ಆ ಚೀಟಿ ಕೆಂಪಾದರೆ ಏನಾಗುತ್ತದೆ? ಯಾರು ಬರುತ್ತಾರೆ? ಜಯಕುಮಾರ ಇದ್ದರೂ ತಡೆಯುವ ಹಾಗಿಲ್ಲವಾ? ನಾನು ಹೇಳಿದೆ. ಅವಳು ಇಡ್ಲಿ ಮುಗಿಸಿ ಕೈ ತೊಳೆದುಕೊಂಡು ಹೋದಳು.

ಮೊದಲ ಪೆಟ್ಟು ತಿಂದ ಮೇಲೆ ಜಯಕುಮಾರ ಸ್ವಲ್ಪ ಕಾಲ ನೆಟ್ಟಗೆ ಫೋಮ್ ತರಿಸಿದ. ನಾಯಿ ಬಾಲ ಎಷ್ಟು ದಿನ ನೆಟ್ಟಗಿದ್ದೀತು? ಆರ್ಡರು ದೊಡ್ಡದಾಗುತ್ತಿದ್ದಂತೆ ಮತ್ತೆ ಹೊಟ್ಟು ಬಂತು. ಈ ಸಲ ಜಾಣತನ ಮಾಡಿದ. ರಟ್ಟಿನ ಪೆಟ್ಟಿಗೆಯೊಳಗೆ ಫೋಮೇ, ಅಂಟು ಟೇಪು ಸುತ್ತಿ ಬಿಗಿ. ಹೊರಗಿನ ಕ್ರೇಟಿನ ಸಂದಿಗೆ ಮಾತ್ರ ಹೊಟ್ಟು. ಅಲ್ಲಿ ಬಿಚ್ಚುವವರು ಹೇಗೂ ಇವನದೇ ಆಳುಗಳು. ಡೇಟಾ ಸೆಂಟರಿನ ಅಂಗಳದಲ್ಲಿ ಬಿಚ್ಚಿ, ಹೊಟ್ಟನ್ನು ಮೂಟೆ ಕಟ್ಟಿ, ಪೆಟ್ಟಿಗೆಗಳನ್ನು ಒರೆಸಿ ಒಳಗೆ ಕೊಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಚ್ಚುವ ತಂಡಕ್ಕೆ ಯಾರನ್ನು ಮುಂದಾಳು ಮಾಡಿದ ಹೇಳಿ? ಕೆಂಚಮ್ಮನನ್ನು. ಕಳ್ಳನ ಹೆಂಡತಿ ಬಾಯಿಬಿಟ್ಟರೂ ಯಾರು ನಂಬುತ್ತಾರೆ ಅನ್ನುವುದು ಅವನ ಧೈರ್ಯ. ಇನ್ನೊಂದು ಮಾತು, ಸ್ವಾಮಿಯನ್ನು ಓಡಿಸಿದ ಮೇಲೆ ಹೊಟ್ಟು ತರಲು ನಂಬಿಕಸ್ತ ಆಳು ಸಿಗಲಿಲ್ಲ. ತಾನೇ ತನ್ನ ವ್ಯಾನಿನಲ್ಲಿ ಹೋಗಿ ಇಮಾಮ್ ಸಾಬ್ ಹತ್ತಿರ ತುಂಬಿಸಿಕೊಂಡು ಬರುತ್ತಿದ್ದ.

ಕೆಂಚಮ್ಮ ಹೇಳಿದ್ದನ್ನೆಲ್ಲ ಮಾಡಿದಳು. ತುಂಬು ಅಂದರೆ ತುಂಬಿದಳು, ಒರೆಸು ಅಂದರೆ ಒರೆಸಿದಳು. ದೊಡ್ಡ ಲೋಡಿಗಾಗಿ ಕಾದಳು.

ದೊಡ್ಡ ಲೋಡು ಬಂತು. ಆಯುಧಪೂಜೆ ಕಳೆದ ಸ್ವಲ್ಪ ದಿನಕ್ಕೆ. ಜಯಕುಮಾರ ನನ್ನ ಗಾಡಿಗೆ ಹೂವಿನ ಹಾರ ಹಾಕಿಸಿ, ಚಕ್ರಕ್ಕೆ ನಿಂಬೆಹಣ್ಣು ಇಡಿಸಿ, ಬೂದುಗುಂಬಳ ಒಡೆದು ಹೊರಡಿಸಿದ. ಕಂಪನಿಯ ದೊಡ್ಡವರ ಕಣ್ಣಿಗೆ ಬೀಳಬೇಕಲ್ಲ, ತಾನೂ ಕಾರಿನಲ್ಲಿ ಹಿಂದೆ ಬಂದ. ನರೇಂದ್ರ ಸಾಹೇಬರೂ ಬಂದಿದ್ದರು. ವೈಟ್‌ಫೀಲ್ಡಿನಲ್ಲಿ ಡೇಟಾ ಸೆಂಟರಿನ ಪರವಾಗಿ ಸಾಮಾನು ಪಡೆದುಕೊಳ್ಳುವವರು ಅಮೂಲ್ಯ ಅನ್ನುವ ಇಂಜಿನಿಯರ್ ಮೇಡಂ. ನಾನು ಗಾಡಿಯನ್ನು ಹಿಂದಕ್ಕೆ ತೆಗೆದು ಸಾಮಾನು ಇಳಿಸುವ ಕಟ್ಟೆಗೆ ತಾಗಿಸಿದೆ. ಕ್ರೇಟುಗಳನ್ನು ಇಳಿಸಿ ಸಾಲಾಗಿ ಇಟ್ಟರು. ಮೇಡಂ ಒಂದೊಂದೇ ಚೀಟಿ ನೋಡುತ್ತ ಬಂದರು. ಬಿಳಿ, ಬಿಳಿ, ಎಲ್ಲ ಬಿಳಿ.

"ಗುಡ್. ಬಿಚ್ಚಿ," ಎಂದು ಹೇಳಿ ಒಳಗೆ ಹೋಗಲು ತಿರುಗಿದರು.

ಹಲಗೆ ಕೂರಿಸಲು ಒಂದು ಮರದ ಕೊಡತಿ ಇರುತ್ತದೆ. ಕೆಂಚಮ್ಮ ಅದನ್ನು ಎತ್ತಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಕ್ರೇಟಿನ ಬುಡದ ದಪ್ಪ ಮರಕ್ಕೆ, ಎರಡೂ ಕೈಯಲ್ಲಿ ಹಿಡಿದು, ಒಂದೇ ಒಂದು ಬಾರಿಸಿದಳು. ಅಂಗಳವೆಲ್ಲ ಧಡ್ ಎಂದಿತು.

ಚೀಟಿ ಕೆಂಪಾಯಿತು.

ಅಷ್ಟು ದಿನ ನಾನು ಹಂಪಿಗೆ ಹಂಪಿಗೆ ಕೈಮುಗಿದು ಕಾಪಾಡಿದ ಚೀಟಿ! "ಏ, ಏನಮ್ಮಾ ನಿನಗೆ? ಹುಚ್ಚು ಹಿಡೀತಾ?" ಎಂದು ಅಮೂಲ್ಯ ಮೇಡಂ ಓಡಿ ಬಂದರು. ಜಯಕುಮಾರ ಕಿರುಚುತ್ತ ಅವಳ ಕೈಯಿಂದ ಕೊಡತಿ ಕಿತ್ತುಕೊಳ್ಳಲು ಬಂದ. ಕೆಂಚಮ್ಮ ತಾನೇ ಕೆಳಗಿಟ್ಟಳು.

"ಕೆಂಪಾಗೈತೆ ಮೇಡಂ. ಇನ್ ನಾವ್ ಮುಟ್ಟಂಗಿಲ್ಲ. ರೂಲ್ಸ್ ಪ್ರಕಾರ ನೀವೂ ಈ ಸಾರೂ ನಿಂತು ಬಿಚ್ಸಿ. ನನ್ ಮೇಲೆ ಕೇಸ್ ಹಾಕದಾದ್ರೆ ಆಮೇಕ್ ಹಾಕಿ, ಇಲ್ಲೇ ಇರ್ತೀನಿ," ಅಂದಳು.

ಅವಳು ಬಾಯಲ್ಲಿ ಹೇಳಿದ್ದರೆ ಕೂಲಿಯವಳ ಮಾತು ಅಂತ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೆಂಪು ಚೀಟಿಯ ಮಾತು ಬೇರೆ. "ಬೇಡ ಮೇಡಂ, ನಾವೇ ನೋಡ್ಕೊತೀವಿ, ಈ ಹೆಂಗ್ಸಿಗೆ ತಲೆ ಸರಿ ಇಲ್ಲ," ಎಂದು ಜಯಕುಮಾರ ಅಡ್ಡ ನಿಂತ. ಅವನು ಬೆವರುತ್ತಿದ್ದುದು ಮೇಡಂ ಕಣ್ಣಿಗೆ ಬಿತ್ತು. ಡೇಟಾ ಸೆಂಟರಿನ ಆಳುಗಳನ್ನೇ ಕರೆದು ಸ್ಕ್ರೂ ಬಿಚ್ಚಿಸಿದರು. ಹಲಗೆ ಸರಿದದ್ದೇ ಹೊಟ್ಟು ಬುಸುಬುಸು ಸುರಿದು ಮೇಡಂ ಅವರ ಪಾದ ಮುಚ್ಚಿತು. ಪಕ್ಕದ ಕ್ರೇಟು ಬಿಚ್ಚಿಸಿದರು, ಅದರಲ್ಲೂ ಹೊಟ್ಟು.

ನರೇಂದ್ರ ಸಾಹೇಬರ ಮುಖ ಕಪ್ಪಿಟ್ಟಿತು. ಜಯಕುಮಾರ ಇನ್ನೂ ಸೋಲಲಿಲ್ಲ. ಕೆಂಚಮ್ಮನ ಕಡೆ ಬೆರಳು ತೋರಿಸಿ, "ಇವ್ಳೇ ಸಾರ್! ಗಂಡನ ಬುದ್ಧಿ ಎಲ್ ಹೋಯ್ತದೆ? ಫೋಮ್ ಕದ್ದು ಹೊಟ್ಟು ತುಂಬವ್ಳೆ," ಅಂದ.

ಇದೇ ಮಾತಿಗೆ ಅವಳು ಇಷ್ಟು ಕಾಲ ಕಾದಿದ್ದಳು. "ಹೌದಾ? ಹೊಟ್ಟು ತಂದೋರು ಯಾರು ಅಂತ ಆವತ್ತು ಬೊಂಬೆಯೋರ್ನ ಕೇಳಿದ್ರಲ್ಲ ಸಾರ್, ಇವತ್ತೂ ಕೇಳಿ," ಎಂದು ಇಮಾಮ್ ಸಾಬ್ ಅವರ ಅಂಗಡಿ ಬೋರ್ಡಿನ ಮೇಲಿದ್ದ ನಂಬರನ್ನು ಬಾಯಿಪಾಠ ಒಪ್ಪಿಸಿದಳು. ನರೇಂದ್ರ ಸಾಹೇಬರು ಮೊಬೈಲಿನಲ್ಲಿ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ಹೊಟ್ಟಿನ ಲೋಡು ಬೇಕಿತ್ತು ಅಂದರು.

"ಯಾರು, ಜಯಕುಮಾರಣ್ಣನ ಕಡೆಯೋರಾ?" ಇಮಾಮ್ ಸಾಬ್ ದನಿ ಖುಷಿಯಾಗಿ ಬಂತು. "ರೆಡಿ ಐತೆ ಸಾರ್. ಯಾವಾಗ್ಲೂ ಅವ್ರೇ ವ್ಯಾನ್ ತಗೊಂಡ್ ಬತ್ತಾರೆ, ಇವತ್ತೇನು ಬೇರೆಯೋರು ಫೋನ್ ಮಾಡಿದೀರಿ? ಅಣ್ಣ ಆರಾಮಾ?"

ಅಣ್ಣ ಆರಾಮಿರಲಿಲ್ಲ. ಕ್ರೇಟಿಗೆ ಒರಗಿ ನಿಂತಿದ್ದ. ಆಹಾ, ಆ ಮುಖ! ಹೊಟ್ಟೆ ತಣ್ಣಗಾಯಿತು ನನಗೆ. ಕೆಂಚಮ್ಮ ಹತ್ತಿರ ಹೋಗಿ ನಿಂತಳು. "ಈಗ್ ಹೇಳು. ಸ್ವಾಮಿ ಕೊಟ್ಟಿಗೇಲಿ ಮಲಗವ್ನೆ. ಈ ಫೋಮ್ ಕದ್ದೋನ್ ಯಾರು?" ಅಂದಳು. ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಆಮೇಲೆ ನರೇಂದ್ರ ಸಾಹೇಬರ ಕಡೆ ತಿರುಗಿ, "ಗೇಟಲ್ಲಿ ಮೂಟೆ ಪಕ್ಕ ನಿಲ್ಸಿದ್ರಲ್ಲ ಸಾರ್, ನಿಮ್ದೂ ಮರ್ತಿಲ್ಲ. ಮೊದ್ಲು ಇವ್ನದ್ ಮುಗೀಲಿ," ಅಂದಳು.

ಕಂಟ್ರಾಕ್ಟು ಹೋಯಿತು. ಕಂಪನಿಯವರು ಪೊಲೀಸ್ ಕಂಪ್ಲೇಂಟು ಕೊಡುತ್ತೇವೆ ಎಂದು ಕುಳಿತರು. ಹೊಟ್ಟು ತುಂಬಿಸಿದವರು ಯಾರು ಅಂತ ಸಾಕ್ಷಿ ಹೇಳಬೇಕಾದವಳು ಕೆಂಚಮ್ಮ. ಜಯಕುಮಾರ ಮೂಸಂಬಿ ಚೀಲ ಹಿಡಿದು ಬಿಡದಿಯ ಅವಳ ಬಾಡಿಗೆ ರೂಮಿನ ಬಾಗಿಲಿಗೆ ಬಂದ. ನಾನು ಅಲ್ಲೇ ಇದ್ದೆ. "ತಂಗೀ, ನಂಗೂ ಮಕ್ಳವ್ರೆ. ನೀನ್ ಒಂದ್ ಮಾತು ಹೇಳ್ದಿದ್ರೆ ನಾನ್ ಉಳ್ಕೊತೀನಿ," ಎಂದು ಹಲ್ಲು ಗಿಂಜಿದ.

"ಮೊದ್ಲು ನಮ್ಮೂರ್ಗೆ ಬಾ. ಕರ್ಪೂರ ಆರ್ಸಿದ್ ಜಾಗದಲ್ಲಿ ನಿಂತು, ಸ್ವಾಮಿ ಕಳ್ಳ ಅಲ್ಲ, ನಾನ್ ಹಾಕಿದ್ ಆಣೆ ಸುಳ್ಳು ಅಂತ ಹೇಳು. ಆಮೇಕ್ ಮಾತಾಡಾನ," ಅಂದಳು. ಮೂಸಂಬಿ ಚೀಲವನ್ನು ವಾಪಸು ಅವನ ಕೈಗೇ ಕೊಟ್ಟಳು.

ಬಂದ. ಈ ಸಲ ಹೂವಿಲ್ಲ, ಬಿಳಿ ಅಂಗಿಯಿಲ್ಲ. ಮಾರಮ್ಮನ ಗುಡಿಯ ಮುಂದೆ ಬೆಳಗ್ಗೆ ಬೆಳಗ್ಗೆಯೇ ಜನ ಸೇರಿದ್ದರು. ಕೆಂಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಹೋಗಿ, ಬರುವುದಿಲ್ಲ ಬರುವುದಿಲ್ಲ ಎಂದು ತಲೆಯಾಡಿಸುತ್ತಿದ್ದ ಸ್ವಾಮಿಯನ್ನು ರಟ್ಟೆ ಹಿಡಿದು ಕರೆತಂದು ಮುಂದೆ ನಿಲ್ಲಿಸಿದಳು. ದೊಡ್ಡಲಕ್ಷ್ಮಮ್ಮ ಎದುರು ಜಗಲಿಯ ಮೇಲೆ ಕುಳಿತಿದ್ದಳು.

ಜಯಕುಮಾರ ನೆಲ ನೋಡುತ್ತ, "ಸ್ವಾಮಿ ಕದ್ದಿಲ್ಲ. ನಾನ್ ಸುಳ್ಳು ಹೇಳ್ದೆ," ಎಂದು ಗೊಣಗಿದ. ಮುಂದಿನ ಸಾಲಿನವರಿಗೆ ಕೇಳಿಸಿತು.

ದೊಡ್ಡಲಕ್ಷ್ಮಮ್ಮ ಜಗಲಿ ಇಳಿದು ಬಂದಳು. ಅವಳ ಕಿವಿ ಎಂಥದ್ದು ಅಂದರೆ, ಮೂರು ಮನೆಯಾಚೆ ಪಾತ್ರೆ ಬಿದ್ದರೆ ಯಾರ ಪಾತ್ರೆ ಅಂತ ಹೇಳುವಂಥದ್ದು. "ಕೇಳ್ನಿಲ್ಲ ಕಣಪ್ಪ. ಒಸಿ ಜೋರಾಗ್ ಹೇಳು," ಅಂದಳು.

ಅವನು ಹೇಳಿದ. "ಇನ್ನೂ ಕೇಳ್ನಿಲ್ಲ. ವಯಸ್ಸಾಯ್ತು ನಂಗೆ," ಅಂದಳು. ಮತ್ತೆ ಹೇಳಿದ. ನೀರು ಹೊತ್ತು ಹೋಗುತ್ತಿದ್ದವರು ಬಿಂದಿಗೆ ಇಳಿಸಿ ನಿಂತರು. "ಕಳ್ಳ ಅನ್ನಬೇಕಾರೆ ಗಂಟ್ಲಿತ್ತಲ್ಲ, ಈಗೇನಾಯ್ತು?" ಅಂದಳು. ಜಯಕುಮಾರ ಕಣ್ಣು ಮುಚ್ಚಿಕೊಂಡು ಕಿರುಚಿದ: "ಸ್ವಾಮಿ ಕಳ್ಳ ಅಲ್ಲಾ! ನಾನ್ ಹಾಕಿದ್ ಆಣೆ ಸುಳ್ಳೂ!"

"ಸಾಕು ಬುಡವ್ವ," ಅಂದ ಸ್ವಾಮಿ. ಅವನ ದನಿ ಕೇಳಿ ಎಷ್ಟೋ ಕಾಲವಾಗಿತ್ತು, ನನ್ನ ಕಣ್ಣಲ್ಲಿ ನೀರು ಬಂತು.

ಜಯಕುಮಾರ ಕಾರಿನ ಬಾಗಿಲು ಹಿಡಿದುಕೊಂಡು ಕೆಂಚಮ್ಮನಿಗೆ, "ನೀನ್ ಹೇಳ್ದಂಗ್ ಮಾಡಿದೀನಿ. ಇನ್ನು ಸಾಕ್ಷಿ ಹೇಳಲ್ಲ ತಾನೆ?" ಅಂದ.

"ಮಾತಾಡಾನ ಅಂದಿದ್ದೆ, ಹೇಳಲ್ಲ ಅಂತ ಎಲ್ಲಂದೆ? ಸೋಮ್ವಾರ ಸ್ಟೇಷನ್ಗೆ ಹೋಯ್ತೀನಿ. ಹೊಟ್ಟಿನ್ ವಿಷ್ಯ ಎಲ್ಲಾ ಬಿಡ್ಸಿ ಬಿಡ್ಸಿ ಹೇಳ್ತೀನಿ," ಅಂದಳು. ಅವನು ಕಾರು ಹತ್ತಿ ಹೋದ.

ಜನ ಕರಗಬೇಕು ಅನ್ನುವಷ್ಟರಲ್ಲಿ ದೊಡ್ಡಲಕ್ಷ್ಮಮ್ಮ ಮಗನ ತೋಳು ಮುಟ್ಟಲು ಕೈ ಚಾಚಿದಳು. ಸ್ವಾಮಿ ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ. "ಹೊಟ್ಟೇಲ್ ಹುಟ್ಟಿದ್ ಮಗನ್ನ ಬುಟ್ಟು ಯಾವನೋ ಆರ್ಸಿದ್ ಕರ್ಪೂರ ನಂಬ್ದೆ ಕಣಪ್ಪ. ತಪ್ಪಾಯ್ತು," ಅಂದಳು. ಅವನಿಗೂ ಹತ್ತಿರವಿದ್ದ ನಮಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು.

ಕೆಂಚಮ್ಮ ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಸೊಂಟದ ಸೆರಗು ಇನ್ನೂ ಬಿಚ್ಚಿರಲಿಲ್ಲ.

"ಕೇಳ್ನಿಲ್ಲ ಕಣತ್ತೆ," ಅಂದಳು.

ಅತ್ತೆ ಸೊಸೆಯ ಮುಖವನ್ನೇ ನೋಡಿದಳು. ಸ್ವಾಮಿ ಈ ಸಲ ಸಾಕು ಅನ್ನಲಿಲ್ಲ. ದೊಡ್ಡಲಕ್ಷ್ಮಮ್ಮ ನಡೆದು ಹೋಗಿ, ಜಯಕುಮಾರ ನಿಂತಿದ್ದ ಜಾಗದಲ್ಲಿ ನಿಂತು, ಊರಿನ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು. ನೀರಿನ ಟ್ಯಾಂಕಿನ ಹತ್ತಿರ ಇದ್ದವರಿಗೂ ಕೇಳಿಸಿತು.